ಖಾಲಿ ಹೊಟ್ಟೆಯ ಸೋಮವಾರ

ಸೋಮವಾರ, ಬೆಳಗ್ಗೆ ಏಳು ಗಂಟೆ. ಹಾಜರಿದ್ದವರು ನಾನು, ನನ್ನ ಅಕ್ಕ, ಮತ್ತು ಚಾಮರಾಜಪೇಟೆಯ ಸಮಗ್ರ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿ. ವೇಳೆಯನ್ನು ಮೊದಲು ಬರೆಯುವುದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಾಗಿನ ಅಭ್ಯಾಸ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ತಿಂಡಿಗೆ ಬರಬೇಕು. ಶಂಕರಪುರದ ನಮ್ಮ ಮನೆಯಲ್ಲಿ ಗಂಟೆ ಒಂದಿಲ್ಲ, ಉಳಿದದ್ದೆಲ್ಲ ಹಾಗೆಯೇ ನಡೆಯುತ್ತದೆ.

ಅಕ್ಕನಿಗೆ ಎಡಭುಜ ಹಿಡಿದುಕೊಂಡು ತಿಂಗಳುಗಳಾಗಿದ್ದವು. ತುರುಬು ಕಟ್ಟಲು ಕೈ ಮೇಲೇಳದು, ಮಗ್ಗುಲಾದರೆ ನಿದ್ದೆ ಹೋಯಿತು. ಮೂಳೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಅವಳು ಮಾಡಲಿಲ್ಲ. ಪಕ್ಕದ ಮನೆಯವರು ಹೇಳಿದ ಈ ಕೇಂದ್ರಕ್ಕೆ ಮಾತ್ರ ಒಂದೇ ಮಾತಿಗೆ ಒಪ್ಪಿದಳು. ಅವಳಿಗೆ ಸಕ್ಕರೆ ಕಾಯಿಲೆಯೂ ಇದೆ. ಬೆಳಗ್ಗೆ ಮಾತ್ರೆ ನುಂಗಿದ ಅರ್ಧ ಗಂಟೆಯಲ್ಲಿ ತಿಂಡಿ ಹೊಟ್ಟೆಗೆ ಬೀಳಬೇಕು. ತಡವಾದರೆ ಬೆವರುತ್ತಾಳೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಒಮ್ಮೆ ಹಾಗಾಗಿ ಬಚ್ಚಲುಮನೆಯಲ್ಲಿ ಬಿದ್ದಿದ್ದಾಳೆ. ಅದನ್ನು ನಾನು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ. "ನಾಡಿ ನೋಡಕ್ಕೆ ಖಾಲಿ ಹೊಟ್ಟೆ ಬೇಕು ಮೇಡಂ. ನೋಡಿದ ತಕ್ಷಣ ಇಲ್ಲೇ ತಿಂಡಿ ಕೊಡ್ತೀವಿ," ಎಂದಿದ್ದರು. ನಂಬಿ, ಎಂದಿನಂತೆ ಮಾತ್ರೆ ಕೊಟ್ಟು ಕರೆತಂದೆ.

"ಮೇಡಂ, ಬ್ಯಾಗು, ಮೊಬೈಲು ಒಳಗೆ ಬಿಡಲ್ಲ," ಎಂದಳು ಬಾಗಿಲ ಹುಡುಗಿ. "ಎನರ್ಜಿ ಡಿಸ್ಟರ್ಬ್ ಆಗತ್ತೆ."

"ಬ್ಯಾಗಲ್ಲಿ ಇವಳಿಗೆ ಅಂತ ಪೆಪ್ಪರ್‌ಮಿಂಟ್ ಇದೆಯಮ್ಮ."

"ಅಯ್ಯೋ, ಅದಂತೂ ಬೇಡವೇ ಬೇಡ. ಇಲ್ಲಿ ನಾವು ಸಕ್ಕರೆನೇ ಇಡಲ್ಲ."

ಬ್ಯಾಗು ಬೀರುವಿನೊಳಗೆ ಹೋಯಿತು, ಬೀಗದ ಕೈ ಅವಳ ಜೇಬಿಗೆ ಹೋಯಿತು.

ಮೊದಲ ಕೋಣೆಯಲ್ಲಿ ವೈದ್ಯರು, ನನ್ನ ವಯಸ್ಸಿನವರೇ. ಅಕ್ಕನ ಮಣಿಕಟ್ಟಿಗೆ ಬೆರಳಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, ಅವಳಿಗೆ ಬೀಳುವ ಕನಸುಗಳನ್ನು ಕೇಳಿದರು. ನಮ್ಮ ಮನೆಯಲ್ಲಿ ಯಾರೂ ಯಾರ ಕನಸನ್ನೂ ಕೇಳಿದವರಲ್ಲ. ಅಕ್ಕ ಹೇಳಿದಳು ನೋಡಿ! ಬಾವಿ, ತೂಗುಮಂಚ, ಸತ್ತುಹೋದ ಭಾವ, ಎಲ್ಲವೂ ಬಂದವು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

"ಇನ್ನು ತಿಂಡಿ ಕೊಡಬಹುದಲ್ಲ?" ಎಂದೆ.

"ಕೊಡಬಹುದಿತ್ತು. ಆದ್ರೆ ಮುಂದಿನದು ಯೋಗ. ಅವರಿಗೆ ಖಾಲಿ ಹೊಟ್ಟೆ ಬೇಕು. ಅವರ ಪದ್ಧತಿಗೆ ನಾವು ಕೈ ಹಾಕಲ್ಲ."

ಯೋಗದ ಮೇಷ್ಟ್ರು ಚುರುಕಿನ ಯುವಕ. ಅಕ್ಕನ ಕೈಯನ್ನು ಗೋಡೆಯ ಮೇಲೆ ಇರುವೆ ಹತ್ತಿದ ಹಾಗೆ ಮೆಲ್ಲಗೆ ಹತ್ತಿಸಿದ. ಮೂಳೆ ಡಾಕ್ಟರು ಹೇಳಿದ್ದ ವ್ಯಾಯಾಮ ಅದೇ. ಮುಗಿದ ಮೇಲೆ ಮಾತ್ರೆಯ ವಿಷಯ ಮತ್ತೆ ಹೇಳಿದೆ.

"ಮಾತ್ರೆ ವಿಷಯ ಡಾಕ್ಟರ್ ಹತ್ರ ಹೇಳಿ ಅಮ್ಮ. ನನ್ನ ಕಡೆಯಿಂದ ಏನೂ ಅಭ್ಯಂತರ ಇಲ್ಲ. ಈಗ ಎಣ್ಣೆ ಮಸಾಜು, ಪ್ರಕೃತಿ ಚಿಕಿತ್ಸೆ ಮೇಡಂ ನೋಡ್ತಾರೆ. ತಿಂದು ಮಲಗಿದ್ರೆ ಅವರು ಬೈತಾರೆ."

ಒಬ್ಬೊಬ್ಬರಿಗೂ ಇನ್ನೊಬ್ಬರ ಮೇಲೆ ಎಷ್ಟು ಗೌರವ! ಆ ಗೌರವದ ನಡುವೆ ಒಂದು ಇಡ್ಲಿಗೆ ಜಾಗವಿರಲಿಲ್ಲ. ನನ್ನ ಹಾಸ್ಟೆಲಿನ ಅಡುಗೆಮನೆ ಹೀಗೆ ನಡೆದಿದ್ದರೆ ಹುಡುಗಿಯರು ಹಿತ್ತಲ ಗೋಡೆ ಹಾರಿ ಹೋಟೆಲಿಗೆ ಹೋಗಿರುತ್ತಿದ್ದರು. "ಅಕ್ಕ, ಏಳು, ಮನೆಗೆ ಹೋಗೋಣ," ಎಂದೆ.

"ಸುಮ್ನಿರೇ. ಇಷ್ಟು ಕಾದಿದೀವಿ. ಎಲ್ಲದಕ್ಕೂ ನಿನ್ನ ಗಂಟೆ!"

ಮಸಾಜು ಮುಗಿಸಿ ಹೊರಬಂದ ಅಕ್ಕನ ಹಣೆಯಲ್ಲಿದ್ದದ್ದು ಎಣ್ಣೆಯೋ ಬೆವರೋ ತಿಳಿಯಲಿಲ್ಲ. ಸೆರಗು ಹಿಡಿದ ಬೆರಳುಗಳು ನಡುಗುತ್ತಿದ್ದವು. ಹೆಸರು ಹಿಡಿದು ಕರೆದರೆ ನನ್ನ ಮುಖವನ್ನೇ ನೋಡಿದಳು, ಉತ್ತರವಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂರಿಸಿ ಕೂಗಿದೆ. ಮೂವರೂ ಓಡಿ ಬಂದರು.

"ನೀವು ಕಷಾಯ ಕೊಟ್ಟಿರ್ತೀರ ಅಂದ್ಕೊಂಡೆ," ಎಂದರು ಪ್ರಕೃತಿ ಚಿಕಿತ್ಸೆಯ ಮೇಡಂ, ವೈದ್ಯರ ಕಡೆ ತಿರುಗಿ.

"ಮಸಾಜಿಗೆ ಮುಂಚೆ ಕಷಾಯಾನಾ? ನಿಮ್ಮ ವಿಧಾನ ಕೆಡ್ಸೋದು ಬೇಡ ಅಂತ ಬಿಟ್ಟೆ."

"ಜೇನುತುಪ್ಪ ಕೊಡೋಣ್ವಾ?" ಮೇಷ್ಟ್ರು ಕೇಳಿದ.

"ಕೊಡಬಹುದು, ಬಿಸಿನೀರಲ್ಲಿ ಮಾತ್ರ ಬೇಡ," ಎಂದರು ವೈದ್ಯರು.

"ಎಳನೀರು ವಾಸಿ ಅಲ್ವಾ?" ಎಂದರು ಮೇಡಂ.

ಅವರ ಸಭೆಯನ್ನು ಅವರಿಗೇ ಬಿಟ್ಟು ಬಾಗಿಲಿಗೆ ಓಡಿದೆ. ಹುಡುಗಿ ಕುರ್ಚಿಯಲ್ಲಿಲ್ಲ, ಬೀಗದ ಕೈಯೂ ಇಲ್ಲ. ಪಕ್ಕದ ದರ್ಶಿನಿಯ ಕೌಂಟರಿಗೆ ಬರಿಗಾಲಲ್ಲೇ ಹೋಗಿ, "ಒಂದು ಕಾಫಿ, ಸಕ್ಕರೆ ನಾಕು ಚಮಚ, ದುಡ್ಡು ಆಮೇಲೆ," ಎಂದೆ. ನನ್ನ ದನಿಗೆ ಸಾಲಿನಲ್ಲಿದ್ದವರೂ ಸರಿದು ನಿಂತರು.

ವಾಪಸು ಬಂದಾಗ ಹುಡುಗಿ ಪ್ರತ್ಯಕ್ಷಳಾಗಿದ್ದಳು. "ಮೇಡಂ, ಕಾಫಿ ಒಳಗೆ ಬಿಡಲ್ಲ..."

"ಪಕ್ಕಕ್ಕೆ ಸರಿ."

ಸರಿದಳು. ಅಕ್ಕನ ಗದ್ದ ಹಿಡಿದು ಗುಟುಕು ಗುಟುಕಾಗಿ ಕುಡಿಸಿದೆ. ಜೇನು, ಎಳನೀರಿನ ಚರ್ಚೆ ತಾನಾಗಿ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಅವಳ ಕಣ್ಣಿಗೆ ನೋಟ ಮರಳಿತು. ಅವಳು ಆಡಿದ ಮೊದಲ ಮಾತು, "ಇಷ್ಟು ಸಕ್ಕರೆ ಹಾಕಿಸಿದೀಯಲ್ಲೇ, ಡಾಕ್ಟರ್ ಬೈಯಲ್ವಾ?"

ಅಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಮೂವರನ್ನೂ ಸಾಲಾಗಿ ನಿಲ್ಲಿಸಿ ಕೇಳಿದೆ: "ಇವಳಿಗೆ ತಿಂಡಿ ಕೊಡೋದು ನಿಮ್ಮಲ್ಲಿ ಯಾರ ಕೆಲಸ?" ವೈದ್ಯರು ಮೆಲ್ಲಗೆ, "ಎಲ್ಲರದೂ," ಎಂದರು. ಎಲ್ಲರದೂ ಆದ ಕೆಲಸ ಏನಾಗುತ್ತದೆಂಬುದು ಬೆಂಚಿನ ಮೇಲೆ ಕೂತಿತ್ತಲ್ಲ.

ಬ್ಯಾಗು ಈಸಿಕೊಂಡು, ದರ್ಶಿನಿಯಲ್ಲಿ ಇಡ್ಲಿ ತಿನ್ನಿಸಿ, ಕಾಫಿಯ ದುಡ್ಡೂ ಕೊಟ್ಟು, ಆಟೋ ಹಿಡಿದು, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದೆ. ಅಕ್ಕ ಕೇಳಿಸಿಕೊಂಡು ಕೂತಿದ್ದಳು. ಮಧ್ಯಾಹ್ನ ಊಟ ಮುಗಿಸಿ ಎಡಮಗ್ಗುಲಾಗಿ ಮಲಗಿ, ಸಂಜೆ ದೀಪ ಹಚ್ಚುವ ತನಕ ನಿದ್ದೆ ಮಾಡಿದಳು. ಅಷ್ಟು ತಿಂಗಳಲ್ಲಿ ಆ ಮಗ್ಗುಲಿಗೆ ಮಲಗಿದ್ದು ಅದೇ ಮೊದಲು. ಎದ್ದವಳೇ ಕೇಳಿದಳು: "ಮುಂದಿನ ಸೋಮವಾರ ಎಷ್ಟೊತ್ತಿಗೆ ಬರಬೇಕಂತೆ?"

"ಅಲ್ಲಿಗಾ? ಮತ್ತೆ?"

"ಭುಜ ಹಗುರಾಗಿದೆ ಕಣೇ. ನೀನು ಕೋಪ ಮಾಡ್ಕೊ, ಆದ್ರೆ ಕರ್ಕೊಂಡು ಹೋಗು."

ಎಣ್ಣೆಯೋ, ಗೋಡೆ ಹತ್ತಿಸಿದ್ದೋ, ಕನಸು ಕೇಳಿದ್ದೋ, ಯಾವುದು ಕೆಲಸ ಮಾಡಿತೆಂದು ಆ ಮೂವರಲ್ಲಿ ಯಾರೂ ಹೇಳಲಾರರು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಕೇಂದ್ರಕ್ಕೆ ಫೋನ್ ಮಾಡಿ, ಅಕ್ಕ ಮನೆಯಲ್ಲೇ ತಿಂಡಿ ತಿಂದು ಹತ್ತು ಗಂಟೆಗೆ ಬರುತ್ತಾಳೆ, ನಾಡಿ ಬೇಡ, ಗೋಡೆಯ ವ್ಯಾಯಾಮ ಮತ್ತು ಭುಜಕ್ಕಷ್ಟೇ ಎಣ್ಣೆ ಸಾಕು ಎಂದೆ. "ಹಾಗೆ ಬಿಡಿಬಿಡಿಯಾಗಿ ಮಾಡಲ್ಲ ಮೇಡಂ, ನಮ್ಮದು ಸಮಗ್ರ," ಎಂದಳು ಹುಡುಗಿ. "ಹಾಗಾದ್ರೆ ಸಮಗ್ರವಾಗಿ ತಿಂಡಿ ತಿಂದೇ ಬರ್ತಾಳೆ," ಎಂದೆ. ಯಾರನ್ನೋ ಕೇಳಿಕೊಂಡು ಬಂದು ಒಪ್ಪಿದಳು.

ಆ ಒಪ್ಪಿಗೆಯನ್ನು ನಂಬಿ ಕೂರುವವಳಲ್ಲ ನಾನು. ಹಳೆಯ ರವಿಕೆ ಬಟ್ಟೆಯಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಚೀಲ ಹೊಲಿದೆ. ಬ್ಯಾಗು ಕಸಿದುಕೊಳ್ಳುತ್ತಾರೆ, ಸೀರೆಯ ನೆರಿಗೆಗೆ ಕೈ ಹಾಕುವ ಧೈರ್ಯ ಯಾವ ಪದ್ಧತಿಯವರಿಗೂ ಇರಲಾರದು. ಪೆಪ್ಪರ್‌ಮಿಂಟ್ ತುಂಬಿ, ದಾರ ಎಳೆದು ಬಿಗಿದು, ಮುಂದಿನ ಸೋಮವಾರ ಉಡಲು ತೆಗೆದಿಟ್ಟ ನನ್ನ ಸೀರೆಯ ಮೇಲಿಟ್ಟು, ರಾತ್ರಿ ಊಟಕ್ಕೆ ತಟ್ಟೆ ಹಾಕಿದೆ.