ಎರಡನೆಯ ಪುಟ ದಾಟದ ಅರ್ಜಿ

“ಮುಂದಿನ ಪೇಜ್ಗೆ ವೋದ್ರೆ ಸಾಕು, ನೀನ್ಯಾರು ಅಂತ ಮತ್ತೆ ಕೇಳ್ತದೆ ಕಣಕ್ಕ,” ಎಂದರು ಅಕ್ಕಿಹೆಬ್ಬಾಳಿನ ಜಯಮ್ಮ. ಮಗಳ ಹಾಸ್ಟೆಲ್ ಅರ್ಜಿಗೆ ಅಂದೇ ಕೊನೆಯ ದಿನ. ಕೆ.ಆರ್.ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ನಾಲ್ಕು ಬಾರಿ ಲಾಗಿನ್ ಆದರೂ ಎರಡನೆಯ ಪುಟ ದಾಟಿರಲಿಲ್ಲ. ಇದು ಬಡವರ ಮೇಲಿನ ತಾತ್ಸಾರವೆಂದು, ಅವರ ಜೊತೆಗೆ ಬಂದಿದ್ದ ನಾನು ಅಲ್ಲೇ ಹಾಸ್ಟೆಲ್ ನಡೆಸುವ ಇಲಾಖೆಗೆ ದೂರು ಬರೆಯತೊಡಗಿದೆ. ಅಂಗಡಿಯ ಸವಿತಾ ತಡೆದರು.

“ತಪ್ಪು ನಂದೂ ಅದೆ ಕಣಕ್ಕ. ಒಬ್ಬರ ಆಧಾರು ಇನ್ನೊಬ್ರಿಗೆ ಕಾಣ್ಬಾರ್ದು ಅಂತ, ಲಾಗಿನ್ ನೆಪ್ಪಿಟ್ಕೊಳ್ಳೋ ಕುಕೀನೇ ನಿಲ್ಲಿಸ್ಬುಟ್ಟಿದ್ದೆ.”

ಆ ತಡೆ ತೆಗೆದೊಡನೆ ಉಳಿದ ಪುಟಗಳೆಲ್ಲ ಸರಾಗವಾಗಿ ತೆರೆದುಕೊಂಡವು. ಅರ್ಜಿ ಸ್ವೀಕೃತವಾಯಿತು. ಜಯಮ್ಮ ಅಲ್ಲೇ ಬೆಂಚಿನ ಮೇಲೆ ಕುಳಿತು ನೀರು ಕುಡಿದರು.

ಕಾರಣ ಹೇಳದೆ ಹೊರದಬ್ಬುವುದು ಜಾಲತಾಣದ ತಪ್ಪೇ. ಆ ದೂರನ್ನು ಕಳುಹಿಸಿದೆ. ‘ತಾತ್ಸಾರ’ ಎಂಬ ಪದವನ್ನು ಮಾತ್ರ ಹೊಡೆದುಹಾಕಿದೆ.