ಬಾಡಿಗೆ ರೋಗಿ ಲೆನರ್ಡ್

ಲೆನರ್ಡ್ ಹ್ಯಾಸ್ಕೆಲ್ ಇಂಗ್ಲೆಂಡಿನಲ್ಲಿ ನಾಟಕ ಕಂಪನಿಗಳ ಜೊತೆ ಊರೂರು ತಿರುಗಿದವನು, ಟಿವಿ ಧಾರಾವಾಹಿಯೊಂದರಲ್ಲಿ ಬಹಳ ಕಾಲ ಪೊಲೀಸ್ ಸಾರ್ಜೆಂಟ್ ಆಗಿದ್ದವನು. ಕಥೆಯಲ್ಲಿ ಆ ಸಾರ್ಜೆಂಟನನ್ನು ಸಾಯಿಸಿದ ಮೇಲೆ ಇವನನ್ನು ಯಾರೂ ಕರೆಯಲಿಲ್ಲ. ಮಗಳಿದ್ದಾಳೆಂದು ಸಿಡ್ನಿಗೆ ಬಂದ. ಅಲ್ಲಿನ ವೆಸ್ಟ್‌ಮೀಡ್ ಬಡಾವಣೆಯಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಪಾತ್ರ, ರೋಗಿಯದು. ಹೊರದೇಶದ ಡಾಕ್ಟರುಗಳು ಅಲ್ಲಿ ವೈದ್ಯವೃತ್ತಿ ಮಾಡಲು ಪಾಸಾಗಬೇಕಾದ ಪರೀಕ್ಷೆಗೆ ತಯಾರಾಗುವಾಗ ಎದುರು ಕೂತು ಎದೆನೋವು, ತಲೆಸುತ್ತು ಎಂದು ನಟಿಸಬೇಕು.

ಹುಬ್ಬಳ್ಳಿಯ ಡಾಕ್ಟರ್ ಆರತಿ ಅವನಿದ್ದ ಬಿಲ್ಡಿಂಗಿನಲ್ಲೇ ಮೇಲಿನ ಫ್ಲಾಟಿನಲ್ಲಿದ್ದಳು. ಆ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಫೇಲಾಗಿದ್ದಳು. ಗಂಡ ವಿರುಪಾಕ್ಷ ಆಫೀಸಿಗೆ ಹೋದ ಮೇಲೆ, ಎಳೆಗೂಸು ಅಮೂಲ್ಯಾಳನ್ನು ತೊಡೆಯ ಮೇಲಿಟ್ಟುಕೊಂಡೇ ಲೆನರ್ಡ್ ಜೊತೆ ಅಭ್ಯಾಸ. ಅವನು ದುಡ್ಡು ಕೇಳುತ್ತಿರಲಿಲ್ಲ. ಒಂದು ತಟ್ಟೆ ಉಪ್ಪಿಟ್ಟು ಕೊಟ್ಟರೆ ಸಾಕು.

“ನಿನ್ನ ಪ್ರಶ್ನೆ ರೋಗಿಗೆ ತಾಗೋದೇ ಇಲ್ಲ,” ಎಂದ ಒಂದು ದಿನ. “ಇವತ್ತು ನೀನು ರೋಗಿ, ನಾನು ಡಾಕ್ಟರ್. ಹೆರಿಗೆಯಾಗಿ ಕುಗ್ಗಿಹೋಗಿರೋ ತಾಯಿ ನೀನು. ಹೇಳು.”

ಆರತಿ ಹೇಳಿದಳು. ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಮೂಗಿಗೆ ಬೆರಳಿಡುತ್ತೇನೆ. ಒಂದು ಬೆಳಿಗ್ಗೆ ಅದನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಮಲಗಿಸಿ ರೈಲು ಹತ್ತಿಬಿಟ್ಟೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ರಸ್ತೆಯುದ್ದಕ್ಕೂ ಓಡಿಬಂದೆ. ಯಾರೋ ಅಜ್ಜಿಯೊಬ್ಬಳು ಪಕ್ಕದಲ್ಲಿ ಕಾವಲು ಕೂತಿದ್ದಳು...

ಇದು ಪಾತ್ರವಲ್ಲವೆಂದು ಲೆನರ್ಡ್‌ಗೆ ತಿಳಿದಿತ್ತು. ಅವಳ ಕೈ ಹಿಡಿದು, “ಇದು ಈ ರೂಮಿನಿಂದ ಆಚೆ ಹೋಗಲ್ಲ,” ಎಂದ.

ಮುಂದಿನ ಸಲ ಆರತಿ ಪಾಸಾದಳು. ಸಂಸಾರ ಮೆಲ್ಬರ್ನಿನ ಪಾಯಿಂಟ್ ಕುಕ್‌ಗೆ ಬಂತು.

ಎರಡು ವರ್ಷದ ಮೇಲೆ ಲೆನರ್ಡ್‌ನ ಫೋನು. ಮೆಲ್ಬರ್ನಿನ ಸಣ್ಣ ರಂಗಮಂದಿರವೊಂದರಲ್ಲಿ ಅವನ ಏಕಪಾತ್ರಾಭಿನಯ, ಇಬ್ಬರೂ ಬರಲೇಬೇಕು. ಶನಿವಾರ ಮಧ್ಯಾಹ್ನ ಅಮೂಲ್ಯಾಳನ್ನು ಪಕ್ಕದ ಮನೆಯ ನೀಲಕ್ಕನ ಹತ್ತಿರ ಬಿಟ್ಟು ಹೊರಟರು. ಫ್ರೀವೇ ಮುಗಿಯುವುದರೊಳಗೆ ಆರತಿ ನೀಲಕ್ಕನಿಗೆ ಎರಡು ಸಲ ಫೋನ್ ಮಾಡಿದ್ದಳು.

ರಂಗದ ಮೇಲೆ ಲೆನರ್ಡ್ ಒಬ್ಬನೇ. ಕೋಟು ಕಳಚಿದ, ಮೊಣಕೈ ಮಡಚಿದ, ಇಲ್ಲದ ಕೂಸೊಂದನ್ನು ತಟ್ಟತೊಡಗಿದ. ಆರತಿ ತಟ್ಟುತ್ತಿದ್ದ ಹಾಗೆಯೇ. ಮೂಗಿಗೆ ಬೆರಳಿಟ್ಟು ನೋಡಿದ. ಸ್ಟೇಷನ್ನು, ಬೆಂಚು, ರೈಲು. ಇನ್ನು ಇಳಿಯುತ್ತಾಳೆ, ಓಡುತ್ತಾಳೆ ಎಂದು ಆರತಿ ಕಾದಳು. ರಂಗದ ಮೇಲಿನ ತಾಯಿ ಕಿಟಕಿಗೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆಹೋದಳು. ದೀಪ ಆರಿತು. ಚಪ್ಪಾಳೆಯೋ ಚಪ್ಪಾಳೆ.

“ಮುದುಕ ಮೈ ಜುಮ್ ಅನಿಸಿಬಿಟ್ಟ ನೋಡು!” ಎಂದ ವಿರುಪಾಕ್ಷ ಹೊರಗೆ ಬಂದು. “ಆದ್ರ ಅಕಿ ಎಂಥಾ ತಾಯಿ? ಕಲ್ಲು ಅಕಿ, ಕಲ್ಲು.”

ಅಷ್ಟರಲ್ಲಿ ಲೆನರ್ಡ್ ಬಂದ. ಇಂಥ ಕಥೆ ಎಲ್ಲಿ ಸಿಕ್ಕಿತೆಂದು ವಿರುಪಾಕ್ಷ ಕೇಳಿದ.

“ಎಲ್ಲಾ ನನ್ನ ತಲೆಯಿಂದಲೇ,” ಎಂದು ಲೆನರ್ಡ್ ಆರತಿಗೆ ಕಣ್ಣು ಮಿಟುಕಿಸಿದ, ಹೆದರಬೇಡ ಎನ್ನುವಂತೆ.

ಆರತಿ ಸುಮ್ಮನಿದ್ದರೆ ಮುಗಿದೇಹೋಗುತ್ತಿತ್ತು.

“ಅವಳು ವಾಪಸ್ ಬಂದಳು, ಲೆನರ್ಡ್.”

“ಬಂದರೆ ನಾಟಕ ಸಪ್ಪೆಯಾಗುತ್ತೆ, ಡಿಯರ್.”

“ಯಾರು ಬಂದ್ರು?” ಎಂದ ವಿರುಪಾಕ್ಷ.

ಆರತಿ ಗಂಡನ ಕಡೆ ತಿರುಗಿದಳು. “ನಾನು ರೀ. ಅಮೂಲ್ಯಾನ್ನ ಬೆಂಚಿನ ಮ್ಯಾಲೆ ಬಿಟ್ಟು ಹೋಗಿದ್ದೆ. ಓಡಿ ಬಂದೆ.”

ವಿರುಪಾಕ್ಷ ಅವಳನ್ನು ನೋಡಿದ, ಲೆನರ್ಡ್‌ನನ್ನು ನೋಡಿದ.

“ಇಷ್ಟು ದಿವ್ಸ ಈ ಮುದುಕಗ ಗೊತ್ತಿತ್ತು,” ಎಂದ. “ನನಗ ಗೊತ್ತಿರಲಿಲ್ಲ.”