ಕೌದಿಯ ಹೊಟ್ಟೆ

ವಿಜಯಪುರದ ಸ್ಟೇಷನ್ ರಸ್ತೆಯ ನನ್ನ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು, ಅಷ್ಟೇ ಕೆಲಸ. ಅಂಥವಳು ಆನ್‌ಲೈನ್ ವ್ಯಾಪಾರಕ್ಕೆ ಇಳಿದದ್ದು ದೊಡ್ಡವ್ವನ ಸಲುವಾಗಿ. ನನ್ನ ತಾಯಿಯ ಅಕ್ಕ ಅವಳು, ಬಬಲೇಶ್ವರದಲ್ಲಿ ಇರುತ್ತಾಳೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಕೈಹೊಲಿಗೆ ಹಾಕಿ ಕೌದಿ ಮಾಡುತ್ತಾಳೆ. ಒಂದು ಕಾಲಕ್ಕೆ ಸುತ್ತಲಿನ ಬಾಣಂತಿಯರಿಗೆಲ್ಲ ಅವಳದೇ ಕೌದಿ. ಆಮೇಲೆ ಸೊಲ್ಲಾಪುರ ರಸ್ತೆಯ ಬದಿಯಲ್ಲಿ ಹುಲಿ, ನವಿಲಿನ ಚಿತ್ರದ ಬ್ಲಾಂಕೆಟ್‌ಗಳ ರಾಶಿ ಬಿತ್ತು, ಹೊಲಿಸುವವರು ಇಲ್ಲವಾದರು. ಕೆಲಸವಿಲ್ಲದೆ ಕೂತ ದೊಡ್ಡವ್ವ ಇಡೀ ದಿನ ಸೊಸೆಯ ತಪ್ಪು ಹುಡುಕುತ್ತಿದ್ದಳು, ಅದು ಸಿಗದಿದ್ದರೆ ನನ್ನದು. ಸೂಜಿ ಕೈಬಿಟ್ಟರೆ ಈ ಹೆಂಗಸು ಉಳಿಯುವುದಿಲ್ಲ ಅನಿಸಿ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅದೇ ಹೊತ್ತಿಗೆ ನಮ್ಮ ಮಹಿಳಾ ಸಂಘದವರಿಗೆ ಆನ್‌ಲೈನ್ ಮಾರಾಟದ ತರಬೇತಿ ಇಟ್ಟಿದ್ದರು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಬಂದು, "ವಸ್ತು ಮಾರಬೇಡಿ ಮೇಡಂ, ಭಾವನೆ ಮಾರಿ" ಅಂದ. ಜೀವಮಾನದಲ್ಲಿ ಒಂದು ಸೂಡು ಮೆಂತ್ಯಪಲ್ಲೆ ಮಾರಿದವನಂತೆ ಅವನು ಕಾಣಲಿಲ್ಲ. ಆದರೂ ಪುಟ ತೆರೆಯುವುದು, ಬೆಳಗಿನ ಬಿಸಿಲಲ್ಲಿ ವೀಡಿಯೊ ಹಿಡಿಯುವುದನ್ನು ಅವನಿಂದಲೇ ಕಲಿತೆ. ಮೊದಲ ರೀಲ್‌ನಲ್ಲಿ ದೊಡ್ಡವ್ವನ ಕೈಗಳನ್ನಷ್ಟೇ ತೋರಿಸಿದೆ. ಜನ ಮುಗಿಬಿದ್ದರು. ಬೆಂಗಳೂರು, ಪುಣೆ, ಎಲ್ಲೆಲ್ಲಿಂದಲೋ ಆರ್ಡರ್.

"ನಾ ಯಾರಂತ ಗೊತ್ತಿಲ್ಲದನ ನಾ ಹೊಲದದ್ದು ಹೊಚಗೋತೀವಿ ಅಂತಾರಲ್ಲಬೇ!" ಎಂದು ದೊಡ್ಡವ್ವ ಬೆರಗಾದಳು. ಸೊಸೆಯ ತಪ್ಪುಗಳು ಒಮ್ಮೆಲೇ ಕಡಿಮೆಯಾದವು. ಓಣಿಯ ಇಬ್ಬರು ಹೆಂಗಸರು ಬಂದು ಅವಳ ಜೊತೆ ಸೂಜಿ ಹಿಡಿದು ಕೂತರು.

ಕೌದಿ ಹೊಲಿಯುವವರಿಗೆ ಒಂದು ಪದ್ಧತಿ ಇದೆ. ಹೊಲಿಗೆ ನಡುವಿಗೆ ಬಂದಾಗ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮುಂಚೆ ಒಳಗೆ ಒಂದು ಚೂರು ಜೋಳದ ರೊಟ್ಟಿ, ಒಂದು ಚೂರು ಬೆಲ್ಲ ಇಡಬೇಕು. ಹಸಿದ ಕೌದಿ ಹೊದ್ದವರ ಮನೆಯಲ್ಲಿ ಅನ್ನಕ್ಕೆ ಕಡಿಮೆ ಬೀಳುತ್ತದೆ ಎಂಬ ನಂಬಿಕೆ. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿಲ್ಲ. ಕೌದಿ ಅದೇ ದಿನ ಮನೆ ಸೇರುತ್ತದೆ, ಬಿಸಿಲಿಗೆ ಬೀಳುತ್ತದೆ, ಒಂದೆರಡು ಒಗೆತಕ್ಕೆ ರೊಟ್ಟಿ ಹಿಟ್ಟಾಗಿ ಹೋಗುತ್ತದೆ. ಆನ್‌ಲೈನ್ ಕೌದಿಗಳಿಗೂ ದೊಡ್ಡವ್ವ ಹೊಟ್ಟೆ ತುಂಬಿಸಿಯೇ ಕಳಿಸುತ್ತಿದ್ದಳು. ಕೊಳ್ಳುವವರಿಗೆ ಹೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ಉಪ್ಪು ಹಾಕಿದ್ದೇವೆ ಎಂದು ಸಾರಿನ ಜೊತೆ ಯಾರಾದರೂ ಚೀಟಿ ಕಳಿಸುತ್ತಾರೆಯೇ?

ಮಳೆಗಾಲದಲ್ಲಿ ಬೆಂಗಳೂರಿಗೆ ಹೊರಟ ಒಂದು ಕೌದಿ ದಾರಿಯಲ್ಲಿ ಯಾವುದೋ ಕೊರಿಯರ್ ಗೋದಾಮಿನಲ್ಲಿ ಕೊಳೆಯಿತು. ಬೆಲ್ಲ ಕರಗಿ ಇರುವೆ ಹತ್ತಿದವು. ಕೊಂಡಾಕೆ ನನಗೊಂದು ಫೋನ್ ಮಾಡಬಹುದಿತ್ತು, ನಂಬರು ಪುಟದ ಮೇಲೆಯೇ ಇತ್ತು. ಮಾಡಲಿಲ್ಲ. ಕ್ಯಾಮೆರಾ ಮುಂದೆ ಕೂತು, ಕತ್ತರಿಯಿಂದ ಕೌದಿಯ ಹೊಟ್ಟೆ ಬಗೆದಳು. "ನೋಡಿ ಫ್ರೆಂಡ್ಸ್, ಹೊದಿಕೆ ಕೇಳಿದ್ರೆ ಒಳಗಡೆ ಊಟನೂ ಪಾರ್ಸೆಲ್ ಮಾಡಿದಾರೆ" ಎಂದು ನಕ್ಕಳು. ದೊಡ್ಡವ್ವನ ಕೈಗಳನ್ನು ನೋಡಿದವರಿಗಿಂತ ಹೆಚ್ಚು ಜನ ಆ ಕತ್ತರಿಯನ್ನು ನೋಡಿದರು.

ಆಕೆಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವಳಿಗೆ ಗೊತ್ತಿರಲಿಲ್ಲ. ನನ್ನ ಹೊಟ್ಟೆ ಉರಿದದ್ದು ನಮ್ಮವರ ನಗು ನೋಡಿ. ವಿಜಯಪುರದ ಗ್ರೂಪುಗಳಲ್ಲೆಲ್ಲ ಆ ವೀಡಿಯೊ ನಗೆಯ ಮುಖಗಳ ಸಮೇತ ತಿರುಗಿತು. ಕೌದಿಯಲ್ಲಿ ಹುಟ್ಟಿ ಕೌದಿಯಲ್ಲಿ ಬೆಳೆದವರೇ ನಕ್ಕರು. ತಿಕೋಟಾದಲ್ಲಿರುವ ನಮ್ಮ ಸಂಬಂಧಿಕಳೊಬ್ಬಳು ಫೋನ್ ಮಾಡಿ, "ನಿಮ್ಮ ದೊಡ್ಡವ್ವನ ವಿಡಿಯೋ ನೋಡಿ ನಕ್ಕ ನಕ್ಕ ಸಾಕಾತ ನೋಡ" ಅಂದಳು.

"ನಿನ್ನ ಮಗಳ ಬಾಣಂತನಕ್ಕ ಆಕಿನ ಕೌದಿ ಹೊಲದ ಕೊಟ್ಟಾಳಲ್ಲ, ಅದರಾಗ ಏನ ಇತ್ತ?" ಎಂದು ಕೇಳಿದೆ.

"ಅದು ಮನೀದು ಬಿಡ. ಇದು ಆನ್‌ಲೈನ್ ಅಲ್ಲೇನ?"

ಫೋನ್ ಇಟ್ಟುಬಿಟ್ಟೆ. ಇಲ್ಲದಿದ್ದರೆ ನನ್ನ ಬಾಯಿಂದ ಬರಬಾರದ್ದು ಬರುತ್ತಿತ್ತು.

ಪುಟದ ಮೇಲೆ ಪದ್ಧತಿಯನ್ನು ವಿವರಿಸಿ ಬರೆದೆ, ಆ ಕೌದಿಯ ಹಣವನ್ನೂ ಹಿಂದಿರುಗಿಸಿದೆ. ಮೂಢನಂಬಿಕೆ ಎಂದರು, ಇಲಿ ಬಂದರೆ ಯಾರು ಹೊಣೆ ಎಂದರು. ಒಬ್ಬ ಬುದ್ಧಿವಂತ, "ಐಡಿಯಾ ಚೆನ್ನಾಗಿದೆ, ಬಟ್ಟೆಯಲ್ಲಿ ರೊಟ್ಟಿ ಮಾಡಿ ಇಡಿ" ಎಂದು ಬರೆದ. ಅದನ್ನು ದೊಡ್ಡವ್ವನಿಗೆ ಹೇಳಿದೆ.

"ಅರಬಿ ರೊಟ್ಟಿ ತಿಂದ ಯಾರದರೆ ಹೊಟ್ಟಿ ತುಂಬೇತೇನ?" ಅಂದಳು. ಅವಳು ನಗಲಿಲ್ಲ.

ಆರ್ಡರ್‌ಗಳೆಲ್ಲ ರದ್ದಾದವು. ಪುಣೆಯ ಒಂದು ಮನೆಯವರು ಮಾತ್ರ ರದ್ದು ಮಾಡಲಿಲ್ಲ, ಒಳಗೆ ಏನೂ ಇಡಬಾರದು ಎಂದು ಬರೆದರು. ಅವರ ಕೌದಿ ಹೊಟ್ಟೆಯವರೆಗೆ ಬಂದು ದೊಡ್ಡವ್ವನ ಮುಂದೆ ಹಾಸಿತ್ತು. ಅದು ಹೋಗಿ ಅವರಿಂದ ಒಂದು ಒಳ್ಳೆಯ ಮಾತು ಬಂದರೆ ಪುಟ ಉಳಿಯುತ್ತಿತ್ತು. ಪುಟ ಉಳಿದರೆ ಅವಳ ಕೆಲಸ ಉಳಿಯುತ್ತಿತ್ತು. ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ.

"ಇದೊಂದ ಹಂಗ ಮುಚ್ಚಿಬಿಡ ದೊಡ್ಡವ್ವಾ" ಅಂದೆ.

"ಖಾಲಿನ ಕಳಸಂತೀಯೇನ?"

"ಕೊಂಡವರ ಬ್ಯಾಡ ಅಂತಾರ. ನಾ ಏನ ಮಾಡ್ಲಿ?"

"ಕೌದಿ ಬ್ಯಾಡ ಅಂದೈತೇನ?"

ಬಹಳ ಹೊತ್ತು ಅವಳು ಆ ಅಂಗೈಯಷ್ಟು ಜಾಗದ ಮೇಲೆ ಕೈಯಾಡಿಸುತ್ತ ಕೂತಳು. ಜೊತೆಗೆ ಹೊಲಿಯುವ ಹೆಂಗಸರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಅವಳು ದಾರ ಪೋಣಿಸಿಕೊಂಡು, ಎಂದಿಗಿಂತ ಸಣ್ಣ ಹೊಲಿಗೆ ಹಾಕಿ, ಖಾಲಿ ಹೊಟ್ಟೆಯನ್ನು ಮುಚ್ಚಿದಳು. ನಾನೇ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಕಳಿಸಿದೆ.

ಪುಣೆಯವರು ಐದು ಸ್ಟಾರ್ ಕೊಟ್ಟರು. ತುಂಬ ಸ್ವಚ್ಛವಾಗಿದೆ, ಬಹಳ ನೀಟಾಗಿದೆ ಎಂದು ಬರೆದು, ಕೌದಿ ಹೊದ್ದು ಮಲಗಿದ ಕೂಸಿನ ಫೋಟೊ ಹಾಕಿದರು. ಸಂತೋಷ ತಡೆಯಲಾರದೆ ಮತ್ತೆ ಬಬಲೇಶ್ವರಕ್ಕೆ ಓಡಿದೆ. ಎಲ್ಲವನ್ನೂ ಓದಿ ಹೇಳಿ, ಫೋಟೊ ತೋರಿಸಿದೆ. ದೊಡ್ಡವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಕೂಸಿಗಂತ ನನಗ ಯಾಕ ಹೇಳಲಿಲ್ಲ?"

"ನನಗೂ ಗೊತ್ತಿದ್ದಿಲ್ಲ ದೊಡ್ಡವ್ವಾ."

"ಹಸದ ಕೌದಿ ಕೂಸಿಗೆ ಹೊಚ್ಚಿದ್ನಲ್ಲಬೇ" ಎಂದು ಮೊಬೈಲನ್ನು ನನ್ನ ಕೈಗಿಟ್ಟಳು.

ಆಮೇಲೆ ಅವಳು ಸೂಜಿ ಹಿಡಿದಿಲ್ಲ. ಆ ಐದು ಸ್ಟಾರ್ ನೋಡಿ ಆರ್ಡರ್‌ಗಳು ಈಗಲೂ ಬರುತ್ತವೆ.